ಅಘನಾಶಿನಿ ದಡದ ಬೆಳಚು ಸುಕ್ಕಾ: ಊಟವೂ ನದಿಯೂ

ಕುಮಟಾದಿಂದ ಗೋಕರ್ಣದ ಕಡೆ ಹೋಗುವವರು ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ ಹತ್ತಿರದ ಈ ಮೀನೂಟದ ಖಾನಾವಳಿಯಲ್ಲಿ ಒಮ್ಮೆ ನಿಲ್ಲಿಸಿ. ಗಂಡ-ಹೆಂಡತಿ ಇಬ್ಬರೇ ನಡೆಸುವ ಚಿಕ್ಕ ಜಾಗ. ಬಂಗುಡೆ ಫ್ರೈ ಚೆನ್ನಾಗಿದೆ, ಆದರೆ ಅದು ಕರಾವಳಿಯಲ್ಲಿ ಎಲ್ಲೆಡೆ ಸಿಗುತ್ತೆ. ಇಲ್ಲಿ ತಿನ್ನಬೇಕಾದ್ದು ಬೆಳಚು ಸುಕ್ಕಾ. ಬೆಳಚು ಅಂದರೆ ಅಳಿವೆಯಲ್ಲಿ ಸಿಗುವ ಚಿಪ್ಪಿನ ಜೀವಿ, ಬೇರೆ ಕಡೆ ಚಿಪ್ಪಿಕಲ್ಲು ಅಂತಾರಲ್ಲ, ಅದೇ. ಕಾಯಿ ತರಿತರಿಯಾಗಿ ರುಬ್ಬಿ ಹಾಕಿದ್ದರು, ಖಾರ ಹದವಾಗಿತ್ತು, ಬಾಯಿಗೆ ಒಂದು ಕಾಳು ಮರಳೂ ಸಿಗಲಿಲ್ಲ.

ಈ ಬೆಳಚು ಇಲ್ಲಿ ಯಾಕೆ ಇಷ್ಟು ಸಿಗುತ್ತೆ ಗೊತ್ತಾ? ಅಘನಾಶಿನಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟಿಲ್ಲ. ಮಳೆಗಾಲದಲ್ಲಿ ಅಳಿವೆ ತುಂಬಾ ಸಿಹಿನೀರು, ಮಳೆ ಮುಗಿದ ಮೇಲೆ ಸಮುದ್ರದ ಉಪ್ಪು ನಿಧಾನವಾಗಿ ಒಳಗೆ ಏರುತ್ತೆ, ಆ ಉಪ್ಪಿನಲ್ಲೇ ಬೆಳಚು ಬೆಳೆಯುತ್ತೆ. ಪಕ್ಕದ ಹೊನ್ನಾವರದ ಶರಾವತಿ ಅಳಿವೆ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಆಮೇಲೆ ಗೇರುಸೊಪ್ಪದಲ್ಲೂ ಅಣೆಕಟ್ಟು ಬಂತು. ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿಯುತ್ತಲೇ ಇರುವುದರಿಂದ ಉಪ್ಪು ಕಡಿಮೆಯಾಗಿ ಅಲ್ಲಿನ ಬೆಳಚು ಬಹುಮಟ್ಟಿಗೆ ಅಳಿಯಿತು. ನಮ್ಮ ಮನೆಗಳಿಗೆಲ್ಲ ಬೆಳಕು ಬಂತು, ನಿಜ. ಆದರೆ ಅಲ್ಲಿ ಸಮುದ್ರದ ಇಳಿತದ ಹೊತ್ತಿನಲ್ಲಿ ಬೆಳಚು ಹೆಕ್ಕಿ ಸಂಸಾರ ನಡೆಸುತ್ತಿದ್ದ ಹೆಂಗಸರ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದೆ. ಮೀನು, ಬೆಳಚು, ಏಡಿ, ಗಜನಿ ಗದ್ದೆ (ಅಳಿವೆಯ ಉಪ್ಪುನೀರು ನುಗ್ಗುವ ಭತ್ತದ ಗದ್ದೆ), ಉಪ್ಪು ಅಂತ 6,000ಕ್ಕೂ ಹೆಚ್ಚು ಕುಟುಂಬಗಳು ಇದನ್ನೇ ನಂಬಿವೆ. ಹಾಗಿದ್ದೂ ಈ ನದಿ ನೀರನ್ನು ಒಳನಾಡಿನ ವೇದಾವತಿ ನದಿಗೆ ತಿರುಗಿಸುವ ಮಾತು ನಡೆದೇ ಇದೆ. ಸಮುದ್ರ ಸೇರುವ ನೀರು ಸುಮ್ನೆ ವ್ಯರ್ಥ ಅನ್ನುವವರು ಈ ದಡಕ್ಕೆ ಬಂದು ಒಂದು ಹೊತ್ತು ಕೂತು ನೋಡಬೇಕು.

ಊಟದ ವಿಷಯಕ್ಕೆ ಬಂದರೆ, ಗಜನಿಯಲ್ಲಿ ಬೆಳೆದ ಕಗ್ಗದ ಅಕ್ಕಿ ಅನ್ನ ಇದೆಯಾ ಅಂತ ಮೊದಲೇ ಕೇಳಿ. ಉಪ್ಪುನೀರು ತಡೆದುಕೊಳ್ಳುವ ಭತ್ತ ಅದು, ಅನ್ನ ಕೆಂಪಗೆ ದಪ್ಪಗೆ ಇರುತ್ತೆ, ಸಾರಿನ ಜೊತೆ ಬಹಳ ರುಚಿ. ದಿನಾ ಮಾಡಲ್ಲ. ಕೋಕಂ ಕಡಿ ಮಾತ್ರ ನೀರುನೀರು, ನನಗೆ ಹಿಡಿಸಲಿಲ್ಲ. ಬಡಿಸುವುದೂ ನಿಧಾನ, ಗಡಿಬಿಡಿಯಲ್ಲಿ ಹೋಗಬೇಡಿ. ಮಳೆಗಾಲದಲ್ಲಿ ಬೆಳಚು ಇರುವುದಿಲ್ಲ, ಚಳಿಗಾಲ ಶುರುವಾದ ಮೇಲೆ ಹೋಗಿ. ಒಂದೂವರೆಯೊಳಗೆ ತಲುಪಿದರೆ ಒಳ್ಳೆಯದು, ತಡವಾದರೆ ಸುಕ್ಕಾ ಖಾಲಿ.