ಮಲೆನಾಡಿನ ಕೆಸರಿನಲ್ಲಿ ಆಯಿಲ್ ಬ್ರೇಕಿನ ಬ್ಯಾಕ್‌ಹೋ: ಹಲವು ಮಳೆಗಾಲಗಳ ಬಳಕೆಯ ನಂತರ

ಎಂಜಿನ್ನಿನ ಶಕ್ತಿ, ಬಕೆಟ್ಟಿನ ಅಳತೆ, ತೋಡುವ ಆಳ ಇವೆಲ್ಲ ಬ್ಯಾಕ್‌ಹೋ ಲೋಡರ್ (ಮುಂದೆ ಮಣ್ಣು ತುಂಬುವ ಬಕೆಟ್, ಹಿಂದೆ ತೋಡುವ ಕೈ ಇರುವ ಯಂತ್ರ) ಕೊಳ್ಳಲು ಹೊರಟ ಯಾರಿಗಾದರೂ ಮೊದಲ ದಿನವೇ ಸಿಗುವ ವಿವರಗಳು. ಮಾರುವವರು ಹೇಳದೆ ಬಿಡುವುದು ಆಕ್ಸಲಿನೊಳಗೆ ಆಯಿಲಿನಲ್ಲೇ ಮುಳುಗಿರುವ ಬ್ರೇಕಿನ ವಿಷಯವನ್ನು. ಮೂಡಿಗೆರೆ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ಹಲವು ಮಳೆಗಾಲ ದುಡಿದಿರುವ ಈ ಯಂತ್ರ ನನ್ನ ನಿದ್ದೆ ಕೆಡಿಸಿದ್ದು ಆ ಒಂದು ವಿಷಯದಲ್ಲಿ ಮಾತ್ರ. ಆದ್ದರಿಂದ ಈ ವಿಮರ್ಶೆಯೂ ಬಹುಪಾಲು ಅದರ ಸುತ್ತಲೇ ಇರುತ್ತದೆ.

ತೊಂದರೆ ಶುರುವಾದದ್ದು ಒಂದು ಸರ್ವಿಸ್ ಮುಗಿದ ಮೇಲೆ. ಇಳಿಜಾರಿನಲ್ಲಿ ನಿಧಾನವಾಗಿ ಬಂದು ಇನ್ನೇನು ನಿಲ್ಲಬೇಕು ಎನ್ನುವಷ್ಟರಲ್ಲಿ ಹಿಂದಿನ ಆಕ್ಸಲಿನಿಂದ ದಪ್ಪನೆಯ ನರಳಾಟದಂಥ ಸದ್ದು ಹೊರಟು, ಆಪರೇಟರ್ ಕೂರುವ ಸೀಟಿನವರೆಗೂ ನಡುಕ ಬರುತ್ತಿತ್ತು. ವೇಗದಲ್ಲಿದ್ದಾಗ ಬ್ರೇಕ್ ಒತ್ತಿದರೆ ಸದ್ದಿಲ್ಲ, ಗಾಡಿ ಎಡಕ್ಕೋ ಬಲಕ್ಕೋ ಎಳೆಯುವುದೂ ಇಲ್ಲ. ನಿಲ್ಲುವ ಕೊನೆಯ ಕೆಲವು ಅಡಿಗಳಲ್ಲಿ ಮಾತ್ರ ಈ ಗೋಳು. ಸರ್ವಿಸ್ ಮಾಡಿದ ಕಡೆಯೇ ಕೇಳಿದರೆ, ಆಕ್ಸಲ್ ಬಿಚ್ಚಿ ಎರಡೂ ಬದಿಯ ಬ್ರೇಕ್ ಪ್ಲೇಟುಗಳನ್ನು ಬದಲಿಸಬೇಕು ಎಂದರು. ಅವರು ಬರೆದುಕೊಟ್ಟ ಅಂದಾಜು ಪಟ್ಟಿ ನಮ್ಮಂಥ ಸಣ್ಣ ಬೆಳೆಗಾರರಿಗೆ ಆ ವರ್ಷದ ಕಾಳುಮೆಣಸಿನ ಹಣವನ್ನೆಲ್ಲ ನುಂಗುವಂತಿತ್ತು. ಪ್ಲಗ್ ಬಿಚ್ಚಿ ಒಳಗಿನ ಎಣ್ಣೆಯನ್ನು ಕಣ್ಣಿಂದ ನೋಡದೆ, ಬರೀ ಸದ್ದು ಕೇಳಿ ಇಷ್ಟು ದೊಡ್ಡ ಕೆಲಸ ಹೇಳಿದ್ದು ನನಗೆ ಈಗಲೂ ಅಸಮಾಧಾನದ ಸಂಗತಿ.

ಹಾಸನದ ಕೈಗಾರಿಕಾ ಪ್ರದೇಶದ ಒಬ್ಬ ಹಿರಿಯ ಮೆಕ್ಯಾನಿಕ್ ಮೊದಲು ಕೇಳಿದ ಪ್ರಶ್ನೆಯೇ ಬೇರೆ. ಸರ್ವಿಸಿನಲ್ಲಿ ಆಕ್ಸಲಿಗೆ ಯಾವ ಆಯಿಲ್ ತುಂಬಿದ್ದಾರೆ ಎಂದು ಅವರು ಬಿಲ್ ತರಿಸಿದರು. ಅದರಲ್ಲಿ ಲಾರಿಗಳ ಹಿಂದಿನ ಆಕ್ಸಲಿಗೆ ಹಾಕುವ 85ಡಬ್ಲ್ಯೂ-140 (ಎಣ್ಣೆಯ ಮಂದತೆಯ ಅಳತೆ) ಜಿಎಲ್-5 (ಗೇರ್ ಹಲ್ಲುಗಳ ರಕ್ಷಣೆಯ ದರ್ಜೆ) ಗೇರ್ ಆಯಿಲ್ ಎಂದಿತ್ತು. ನಮ್ಮ ಯಂತ್ರದ ಕೈಪಿಡಿ ಕೇಳುವುದು ಆಯಿಲಿನಲ್ಲಿ ಮುಳುಗಿರುವ ಬ್ರೇಕಿಗೆಂದೇ ತಯಾರಾದ, ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕ ಸೇರಿದ ಆಕ್ಸಲ್ ಆಯಿಲನ್ನು.

ವ್ಯತ್ಯಾಸ ಏಕೆ ಇಷ್ಟು ಮುಖ್ಯ ಎಂಬುದನ್ನು ಸ್ವಲ್ಪ ವಿವರಿಸಬೇಕು. ಈ ಬ್ರೇಕಿನಲ್ಲಿ ಶಾಫ್ಟಿನ ಜೊತೆ ತಿರುಗುವ ಲೈನಿಂಗ್ (ಹಿಡಿತ ಕೊಡುವ ಪದರ) ಅಂಟಿಸಿದ ಪ್ಲೇಟುಗಳೂ ಹೌಸಿಂಗಿಗೆ, ಅಂದರೆ ಆಕ್ಸಲಿನ ಹೊರಕವಚಕ್ಕೆ, ಕಚ್ಚಿಕೊಂಡು ತಿರುಗದೆ ನಿಲ್ಲುವ ಉಕ್ಕಿನ ಪ್ಲೇಟುಗಳೂ ಒಂದರ ಪಕ್ಕ ಒಂದು ಆಕ್ಸಲಿನ ಒಳಗೇ ಇರುತ್ತವೆ. ಪೆಡಲ್ ಒತ್ತಿದಾಗ ಪಿಸ್ಟನ್ ಅವೆಲ್ಲವನ್ನೂ ಒಟ್ಟಿಗೆ ಅದುಮುತ್ತದೆ, ಹುಟ್ಟುವ ಬಿಸಿಯನ್ನು ಸುತ್ತಲಿನ ಎಣ್ಣೆ ಹೊತ್ತೊಯ್ಯುತ್ತದೆ. ಪ್ಲೇಟುಗಳು ಜಾರುತ್ತಿರುವಾಗಿನ ಹಿಡಿತಕ್ಕಿಂತ ನಿಂತಾಗಿನ ಹಿಡಿತ ಹೆಚ್ಚಾಗಿಬಿಟ್ಟರೆ, ನಿಲ್ಲುವ ಹೊತ್ತಿನಲ್ಲಿ ಅವು ಕಚ್ಚಿ, ಬಿಟ್ಟು, ಮತ್ತೆ ಕಚ್ಚಿ ನಡುಗುತ್ತವೆ. ಹಾಗಾಗದಂತೆ ತಡೆಯುವುದೇ ಆ ರಾಸಾಯನಿಕದ ಕೆಲಸ. ಬರೀ ಗೇರ್ ಹಲ್ಲುಗಳ ರಕ್ಷಣೆಗೆಂದು ಮಾಡಿದ ಎಣ್ಣೆಯಲ್ಲಿ ಅದು ಇರುವುದಿಲ್ಲ. ಎಣ್ಣೆ ಎಷ್ಟೇ ಒಳ್ಳೆಯ ಕಂಪನಿಯದಾಗಿದ್ದರೂ ಈ ಜಾಗಕ್ಕೆ ಅದು ತಪ್ಪು ಎಣ್ಣೆಯೇ.

ಆ ಮೆಕ್ಯಾನಿಕ್ ಎಣ್ಣೆ ಇಳಿಸುವ ಡ್ರೈನ್ ಪ್ಲಗ್ ಬಿಚ್ಚಿ ಅದರ ತುದಿಯ ಅಯಸ್ಕಾಂತವನ್ನು ನನಗೇ ತೋರಿಸಿದರು. ಅದರ ಮೇಲೆ ಬೂದು ಬಣ್ಣದ ನುಣುಪಾದ ಪೇಸ್ಟ್ ಮಾತ್ರ ಇತ್ತು, ಬೆರಳಲ್ಲಿ ಉಜ್ಜಿದರೆ ಹರಳು ತಾಗಲಿಲ್ಲ. ಲೋಹದ ಚಕ್ಕೆ ಸಿಕ್ಕರೆ ಗೇರ್ ಅಥವಾ ಬೇರಿಂಗ್, ಎಣ್ಣೆಯಲ್ಲಿ ಕಪ್ಪು ನಾರಿನಂಥ ಚೂರು ತೇಲಿದರೆ ಲೈನಿಂಗ್, ಎಣ್ಣೆಯೇ ಸುಟ್ಟ ವಾಸನೆ ಹೊಡೆದರೆ ಎಲ್ಲೋ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿದೆ ಎಂದು ಅರ್ಥ. ನಮ್ಮದರಲ್ಲಿ ಈ ಮೂರೂ ಇರಲಿಲ್ಲ. ಸರಿಯಾದ ಆಯಿಲ್ ತುಂಬಿಸಿ, ಸ್ವಲ್ಪ ಕಾಲ ಕೆಲಸ ಮಾಡಿಸಿ, ಬಿಸಿಯಿರುವಾಗಲೇ ಅದನ್ನೂ ಇಳಿಸಿ ಮತ್ತೊಮ್ಮೆ ಹೊಸದು ತುಂಬಿಸಿದೆವು. ಲೈನಿಂಗಿನ ರಂಧ್ರಗಳಲ್ಲಿ ಹಳೆಯದು ಉಳಿದಿರುವುದರಿಂದ ಒಂದೇ ಬದಲಾವಣೆ ಸಾಲುವುದಿಲ್ಲ. ಸದ್ದು ತಕ್ಷಣ ಹೋಗಲಿಲ್ಲ, ಕೆಲಸ ಮಾಡುತ್ತಾ ಮಾಡುತ್ತಾ ಕ್ಷೀಣಿಸಿ ಕೊನೆಗೆ ಪೂರ್ತಿ ನಿಂತಿತು. ಖರ್ಚಾದದ್ದು ಎರಡು ಸಲದ ಆಯಿಲ್ ಮತ್ತು ಕೂಲಿ.

ಅಲ್ಲಿಂದ ಈಚೆಗೆ ಈ ಬ್ರೇಕಿನ ಮೇಲೆ ನನಗೆ ನಿಜವಾದ ಅಭಿಮಾನ ಬೆಳೆಯಿತು. ಮೊದಲು ನಮ್ಮಲ್ಲಿದ್ದ ಟ್ರ್ಯಾಕ್ಟರಿನದು ಎಣ್ಣೆಯಿಲ್ಲದ ಡ್ರೈ ಡಿಸ್ಕ್ ಬ್ರೇಕ್. ಆಷಾಢದ ಮಳೆಯಲ್ಲಿ ಒಳಗೆ ಕೆಸರು ಸೇರಿ, ರಾತ್ರಿ ನಿಲ್ಲಿಸಿದ್ದು ಬೆಳಿಗ್ಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತಿತ್ತು. ಬ್ಯಾಕ್‌ಹೋ ತೋಟದೊಳಗೆ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ ತೋಡಿ, ಕೆರೆಯ ಹೂಳೆತ್ತಿ, ಅಕ್ಕಪಕ್ಕದ ತೋಟಗಳಿಗೂ ಗಂಟೆ ಲೆಕ್ಕದ ಬಾಡಿಗೆಗೆ ಹೋಗುತ್ತದೆ. ದಿನವಿಡೀ ಕೆಸರಲ್ಲಿ ಹೊರಳಿದರೂ ಪೆಡಲಿನ ಹದ ಬದಲಾಗುವುದಿಲ್ಲ. ಕೊಟ್ಟಿಗೆಹಾರದ ಕಡೆಯ ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿ ಇಳಿಯುವಾಗ ಆಪರೇಟರ್ ನಿಶ್ಚಿಂತೆಯಿಂದ ಕೂತಿರುವುದನ್ನು ನೋಡುವುದೇ ನನಗೊಂದು ಸಮಾಧಾನ.

ಆದರೆ ಹೊರಗಿನ ಕೆಸರು ಒಳಗೆ ಬಾರದಿದ್ದರೂ ನೀರು ಬರುವ ದಾರಿ ಇದೆ. ಆಕ್ಸಲಿನ ಮೇಲಿರುವ ಬೆರಳುದ್ದದ, ಗಾಳಿಯಾಡುವ ಬ್ರೀದರಿನಲ್ಲಿ ಮಣ್ಣು ಕಟ್ಟಿಕೊಂಡರೆ, ಅಥವಾ ಬಿಸಿಯಾದ ಆಕ್ಸಲ್ ನೇರವಾಗಿ ತಣ್ಣನೆಯ ಹಳ್ಳಕ್ಕಿಳಿದರೆ, ಒಳಗಿನ ಗಾಳಿ ಕುಗ್ಗಿ ಬ್ರೀದರಿನಿಂದಲೋ ಸೀಲಿನ ಅಂಚಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ವಾಟರ್ ಸರ್ವಿಸ್‌ನವರು ಜೋರು ನೀರನ್ನು ಸೀಲಿನ ಮೇಲೆಯೇ ಬಿಡುವುದೂ ಅಷ್ಟೇ ಕೆಟ್ಟದ್ದು. ನೀರು ಸೇರಿದ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಉಕ್ಕಿನ ಪ್ಲೇಟುಗಳು ತುಕ್ಕು ಹಿಡಿಯುತ್ತವೆ, ಕಾಗದದ ಮೂಲದ ಲೈನಿಂಗ್ ಆಗಿದ್ದರೆ ಅಂಟು ಬಿಟ್ಟು ಎದ್ದುಬರುತ್ತದೆ. ನಾವು ಬ್ರೀದರಿಗೆ ಒಂದು ರಬ್ಬರ್ ಪೈಪ್ ಜೋಡಿಸಿ ಅದರ ಬಾಯಿಯನ್ನು ಕ್ಯಾಬಿನ್ನಿನ ಹಿಂಭಾಗದ ಎತ್ತರಕ್ಕೆ ಕಟ್ಟಿದ್ದೇವೆ. ಈ ಯಂತ್ರಕ್ಕೆ ನಾನು ಹಾಕಿದ ಹಣದಲ್ಲಿ ಅತಿ ಕಡಿಮೆಯದ್ದೂ ಅತಿ ಉಪಯುಕ್ತವಾದದ್ದೂ ಅದೇ.

ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೆಳಿಗ್ಗೆ ಯಂತ್ರ ಚಾಲೂ ಮಾಡುವ ಮೊದಲು ನಡೆಯುವ ಕೆಲಸವೊಂದು ನನಗೆ ಬಹಳ ಇಷ್ಟ. ಆಕ್ಸಲಿನ ಎಣ್ಣೆಯ ಮಟ್ಟ ನೋಡುವ ಲೆವೆಲ್ ಪ್ಲಗ್ಗಿನ ಸುತ್ತಲಿನ ಮಣ್ಣನ್ನು ಮೊದಲು ಕಡ್ಡಿಯಿಂದ ಕೆರೆದು, ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನಂತರವೇ ಸ್ಪ್ಯಾನರ್ ಹಾಕುವುದು. ರಂಧ್ರದ ಅಂಚಿನವರೆಗೆ ಎಣ್ಣೆ ಇದ್ದರೆ ಸರಿ. ಬೆರಳ ತುದಿಯಲ್ಲಿ ಬಂದ ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡಿ, ಅನುಮಾನ ಬಂದರೆ ಒಂದು ಹನಿಯನ್ನು ಕಾದ ತಗಡಿನ ಮೇಲೆ ಬಿಡುತ್ತೇವೆ. ಶುದ್ಧ ಎಣ್ಣೆ ಸುಮ್ಮನೆ ಹರಡಿ ಹೊಗೆಯಾಡುತ್ತದೆ, ನೀರಿದ್ದರೆ ಚಟಪಟ ಸಿಡಿಯುತ್ತದೆ. ಮುಖ ಹತ್ತಿರ ಒಯ್ಯಬಾರದು ಎಂದು ಆಪರೇಟರಿಗೆ ಪ್ರತಿ ಸಲವೂ ಹೇಳುತ್ತೇನೆ.

ಲೆವೆಲ್ ನೋಡುವ ಈ ಅಭ್ಯಾಸವೇ ಮುಂದೊಮ್ಮೆ ಇನ್ನೊಂದು ತೊಂದರೆಯನ್ನು ಬೇಗ ಹಿಡಿದುಕೊಟ್ಟಿತು. ಬ್ರೇಕ್ ಡಬ್ಬಿಯಲ್ಲಿ ದ್ರವ ಇಳಿಯುತ್ತಿತ್ತು, ಹೊರಗೆ ಎಲ್ಲೂ ಸೋರಿಕೆ ಕಾಣಲಿಲ್ಲ. ಅತ್ತ ಲೆವೆಲ್ ಪ್ಲಗ್ ಬಿಚ್ಚಿದರೆ ಎಣ್ಣೆ ಉಕ್ಕಿ ಹೊರಗೆ ಬಂತು. ಅಂದರೆ ದ್ರವ ಪಿಸ್ಟನ್ ಸೀಲನ್ನು ದಾಟಿ ಆಕ್ಸಲಿನೊಳಗೇ ಸೇರುತ್ತಿತ್ತು. ಎಡ ಮತ್ತು ಬಲ ಚಕ್ರಗಳಿಗೆ ಬೇರೆಬೇರೆಯಾಗಿರುವ ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಕೊಂಡಿ ಬಿಡಿಸಿ ಒಂದೊಂದನ್ನೇ ಒತ್ತಿ ಹಿಡಿದಾಗ ಬಲಗಡೆಯದು ಮಾತ್ರ ನಿಧಾನವಾಗಿ ಕುಸಿಯಿತು. ಮಾಸ್ಟರ್ ಸಿಲಿಂಡರ್ ಹಾಳಾದರೂ ಹೀಗೇ ಆಗುವುದರಿಂದ, ಆಕ್ಸಲಿಗೆ ಹೋಗುವ ಪೈಪನ್ನು ಬಿಚ್ಚಿ ಪ್ಲಗ್ ಹಾಕಿ ಮತ್ತೆ ಒತ್ತಿದೆವು. ಪೆಡಲ್ ಕಲ್ಲಿನಂತೆ ನಿಂತಿತು, ಅಲ್ಲಿಗೆ ಮಾಸ್ಟರ್ ಸಿಲಿಂಡರಿನ ಮೇಲಿನ ಅನುಮಾನ ಹೋಯಿತು. ಬಲಬದಿಯ ಆಕ್ಸಲ್ ತೋಳನ್ನು ಇಳಿಸಿ ನೋಡಿದಾಗ ಸೀಲುಗಳು ಉಬ್ಬಿ ಮೆತ್ತಗಾಗಿದ್ದವು. ಕೈಪಿಡಿ ಹೇಳುವುದು ಮಿನರಲ್ ಎಣ್ಣೆಯನ್ನು, ಯಾರೋ ಹಿಂದೆ ಕಾರಿನ ಡಾಟ್ (DOT) ದರ್ಜೆಯ, ಮಿನರಲ್ ಅಲ್ಲದ ಬ್ರೇಕ್ ಆಯಿಲ್ ಸುರಿದಿದ್ದರು. ಡಬ್ಬಿಯಿಂದ ನಾಲ್ಕು ಹನಿ ತೆಗೆದು ನೀರಿಗೆ ಬಿಟ್ಟಾಗ ಮಿನರಲ್ ಎಣ್ಣೆಯಂತೆ ತೇಲಿ ಉಳಿಯದೆ ಬಹುಪಾಲು ಕರಗಿಹೋದದ್ದೇ ಅದಕ್ಕೆ ಸಾಕ್ಷಿ. ಎರಡೂ ಬದಿಯ ಸೀಲು, ಮಾಸ್ಟರ್ ಸಿಲಿಂಡರಿನ ರಬ್ಬರು, ಪೈಪುಗಳು ಎಲ್ಲವನ್ನೂ ಬದಲಿಸಿ, ಆಕ್ಸಲಿನ ಆಯಿಲನ್ನೂ ಇಳಿಸಿ ಹೊಸದು ತುಂಬಬೇಕಾಯಿತು. ಪ್ಲೇಟುಗಳ ದಪ್ಪ ಇನ್ನೂ ಚೆನ್ನಾಗಿದ್ದುದರಿಂದ ಅವನ್ನೇ ಆಯಿಲಿನಲ್ಲಿ ನೆನೆಸಿಟ್ಟು ವಾಪಸ್ ಜೋಡಿಸಿದೆವು.

ಕಡೂರು, ಅರಸೀಕೆರೆ ಕಡೆಯ ಒಣ ನೆಲದಲ್ಲಿ ಕೆಲಸ ಮಾಡಿಸುವವರಿಗೆ ನೀರಿನ ಕಾಟ ಇಷ್ಟಿರುವುದಿಲ್ಲ. ನಮ್ಮಂಥ ಮಳೆನಾಡಿನವರು ಮಾತ್ರ ಹಳೆಯ ಯಂತ್ರ ಕೊಳ್ಳುವಾಗ ವ್ಯವಹಾರ ಮುಗಿಸುವ ಮೊದಲೇ ಆಕ್ಸಲಿನ ಲೆವೆಲ್ ಪ್ಲಗ್ ಬಿಚ್ಚಿಸಿ ಎಣ್ಣೆಯ ಬಣ್ಣ ನೋಡಿ, ಎರಡೂ ಪೆಡಲ್‌ಗಳನ್ನು ಬೇರೆಬೇರೆಯಾಗಿ ಒತ್ತಿ ಹಿಡಿದು ನೋಡಿ, ಕಳೆದ ಸರ್ವಿಸಿನ ಆಯಿಲ್ ಬಿಲ್ ಕೇಳಿ ಪಡೆಯಬೇಕು. ಬಿಲ್ ಇಲ್ಲ ಎಂದರೆ ಎರಡು ಸಲದ ಆಯಿಲ್ ಮತ್ತು ಒಂದು ಜೊತೆ ಸೀಲಿನ ಹಣವನ್ನು ಬೆಲೆಯಲ್ಲೇ ಇಳಿಸಿ ಮಾತಾಡುವುದು ನ್ಯಾಯ.