ಸಿಓ 5 ಸಾಂಬಾರ್ ಈರುಳ್ಳಿ ಬೀಜ: ಟೆರೇಸಲ್ಲಿ ಒಂದು ಬೆಳೆ ತೆಗೆದ್ಮೇಲೆ ಬರೀತಿರೋದು
ಮೈಸೂರಲ್ಲಿ ನಮ್ಮನೆ ಟೆರೇಸ್ ಮೇಲೆ ಈ ಸಲ ಸಾಂಬಾರ್ ಈರುಳ್ಳಿನ ಬೀಜ ಹಾಕಿ ಬೆಳೆದ್ವಿ. ಸಾಮಾನ್ಯವಾಗಿ ಎಲ್ರೂ ಗಡ್ಡೆನೇ ನೆಡೋದು, ಬೀಜ ಕಟ್ಟೋ ತಳಿ ಕಮ್ಮಿ ಅಂತ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಓ 5 ಅನ್ನೋ ತಳಿ ಚೆನ್ನಾಗಿ ಹೂ ಬಿಟ್ಟು ಬೀಜ ಕಟ್ಟುತ್ತೆ, ಅದಕ್ಕೇ ರೈತರು ಇದನ್ನ ಕೇಳಿ ತಗೊಳ್ಳೋದು, ಗಡ್ಡೆ ಆದ್ರೆ ಹೆಕ್ಟೇರಿಗೆ ಸಾವಿರ ಕೆಜಿ ಮೇಲೇ ಬೇಕು, ಬೀಜ ಎರಡು ಮೂರು ಕೆಜಿಲಿ ಮುಗಿಯುತ್ತೆ.

ಮೊದ್ಲು ಆನ್‌ಲೈನಲ್ಲಿ ಒಂದು ಪ್ಯಾಕೆಟ್ ತರಿಸಿದ್ದೆ. ಮೇಲೆ ಕೆಂಪು ಕೆಂಪಗೆ ಚೆಂದದ ಫೋಟೋ, ತಳಿ ಹೆಸ್ರಿಲ್ಲ, ಟೆಸ್ಟ್ ಮಾಡಿದ ತಾರೀಕಿಲ್ಲ, 50 ಬೀಜಕ್ಕೆ 6 ಮೊಳಕೆ ಬಂತು. ಬೇಜಾರಾಯ್ತು, ಸೀಸನ್ನಲ್ಲಿ ಮೂರು ವಾರ ಹೋಯ್ತಲ್ಲ. ಈರುಳ್ಳಿ ಬೀಜ ಬಹಳ ಬೇಗ ಜೀವ ಕಳ್ಕೊಳ್ಳುತ್ತೆ, ವರ್ಷ ದಾಟಿದ ಬೀಜ ನಂಬಬೇಡಿ. ಎರಡನೇ ಸಲ ಬೀಜದಂಗಡಿಗೇ ಹೋಗಿ ಲೇಬಲ್ ಓದಿ ತಂದೆ. 10 ಗ್ರಾಂ, 70 ರೂಪಾಯಿ, ಮೊಳಕೆ ಕನಿಷ್ಠ 70 ಪರ್ಸೆಂಟ್ ಅಂತ ಇತ್ತು, ಟೆಸ್ಟ್ ಆಗಿ ಎರಡು ತಿಂಗಳು. ಮನೆಗೆ ಬಂದು 20 ಬೀಜ ಒದ್ದೆ ಟಿಶ್ಯೂಲಿ ಸುತ್ತಿಟ್ಟೆ, ಎಂಟನೇ ದಿನಕ್ಕೆ 16 ಒಡೆದಿತ್ತು.

ಅಕ್ಟೋಬರ್ ಕೊನೇಲಿ ಟ್ರೇಲಿ ಅಗೆ ಹಾಕಿದ್ದು, ಕೋಕೋಪೀಟಿಗೆ (ತೆಂಗಿನ ನಾರಿನ ಪುಡಿ) ಅರ್ಧ ಎರೆಗೊಬ್ಬರ, ಸ್ವಲ್ಪ ಟ್ರೈಕೋಡರ್ಮಾ (ಸಸಿ ಕೊಳೆಯದ ಹಾಗೆ ಕಾಯೋ ಒಳ್ಳೆ ಶಿಲೀಂಧ್ರ). ಮೊಳಕೆ ನೆಟ್ಟಗೆ ಬರಲ್ಲ, ಹಸಿರು ದಾರ ಮಡಚಿಟ್ಟ ಹಾಗೆ ಕೊಕ್ಕೆಯಾಗಿ ಮೇಲೇಳುತ್ತೆ, ಆಮೇಲೆ ಬಿಚ್ಕೊಂಡು ನಿಂತಾಗ ತುದೀಲಿ ಕರೀ ಬೀಜದ ಸಿಪ್ಪೆ ಟೋಪಿ ಥರ ಅಂಟಿರುತ್ತೆ. ಅದನ್ನ ಕಿತ್ತು ಬಿಡಿಸೋಕೆ ಹೋಗ್ಬೇಡಿ, ಎಲೆನೇ ಮುರಿಯುತ್ತೆ, ತಾನಾಗೇ ಬೀಳುತ್ತೆ.

45 ದಿನಕ್ಕೆ ನಾಟಿ. ಇಲ್ಲೇ ಮುಖ್ಯ ವಿಷ್ಯ ಇರೋದು, ಒಂದು ಗ್ರೋಬ್ಯಾಗಲ್ಲಿ ಪೈರು ಒತ್ತೊತ್ತಾಗಿ ಇಟ್ಟಿದ್ದೆ, ಇನ್ನೊಂದ್ರಲ್ಲಿ ನಾಲ್ಕು ಬೆರಳು ಅಂತರ ಬಿಟ್ಟು ನೆಟ್ಟಿದ್ದೆ, ಎರಡಕ್ಕೂ ಅದೇ ಮಣ್ಣು, ಅದೇ ನೀರು. ಒತ್ತಾಗಿದ್ದರಲ್ಲಿ ಬಹುಪಾಲು ಒಂಟಿ ಗಡ್ಡೆ, ಜಾಗ ಇದ್ದಲ್ಲಿ ಬುಡ ಒಡೆದು ಮೂರು, ನಾಲ್ಕು, ಒಂದ್ರಲ್ಲಿ ಐದು. ಫೆಬ್ರವರಿ ಕೊನೇಲಿ ಎಲೆ ಬಾಗಿ ಮಲಗಿದ ಮೇಲೆ ಕಿತ್ತಾಗ ಒಂದೇ ತೆಳು ಸಿಪ್ಪೆ ಒಳಗೆ ನಾಲ್ಕು ಗಡ್ಡೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದನ್ನ ಅಮ್ಮನಿಗೆ ತೋರ್ಸಿದೆ, ಅವ್ರಿಗೆ ನನಗಿಂತ ಜಾಸ್ತಿ ಖುಷಿ. ಹಾಗೆ ಒಡೆಯೋದೇ ಇದರ ಗುಣ. ನಮ್ಮ ಬೆಂಗಳೂರು ರೋಸ್ ಈರುಳ್ಳಿನೂ ಚಿಕ್ಕದೇ, ಬೀಜದಿಂದ್ಲೇ ಬೆಳೆಯೋದು, 2015ರಲ್ಲಿ ಜಿಐ (ಆ ಊರಿನದೇ ಬೆಳೆ ಅನ್ನೋ ಭೌಗೋಳಿಕ ಗುರುತು) ಕೂಡ ಸಿಕ್ಕಿದೆ, ಆದ್ರೆ ಅದು ಒಂಟಿ ಗಡ್ಡೆ. ಎರಡೂ ಒಂದೇ ಅಂತ ಮಾರಿದ್ರೆ ತಗೋಬೇಡಿ.

ಜನವರೀಲಿ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ ಬಂದು ಎಲೆ ಮೇಲೆ ಬೆಳ್ಳಗೆ ಗೀರು ಬಿದ್ದಿತ್ತು, ವಾರಕ್ಕೊಂದ್ಸಲ ಬೇವಿನೆಣ್ಣೆ ಸ್ಪ್ರೇ ಮಾಡಿ ನೀರನ್ನ ಜೋರಾಗಿ ಎಲೆ ಸಂದಿಗೆ ಹೊಡೆದ್ವಿ, ತಡೀತು.

ಎರಡು ಬ್ಯಾಗಿಂದ ಮುಕ್ಕಾಲು ಕೆಜಿ ಬಂತು. ರುಚಿ ಅಂತೂ, ತೊಗರಿಬೇಳೆ ಸಾಂಬಾರಿಗೆ ಇಡಿಯಾಗಿ ಹಾಕಿ ಬೇಯಿಸಿದ್ರೆ ಒಳಗೆ ಸಿಹಿ, ಮೇಲೆ ಖಾರ ಹಿಡಿದಿರುತ್ತೆ.

ಒಂದೇ ತಕರಾರು, 10 ಗ್ರಾಂ ಅಂದ್ರೆ ಎರಡು ಸಾವಿರಕ್ಕೂ ಮೇಲೆ ಬೀಜ, ಮನೆ ತೋಟಕ್ಕೆ ಅಷ್ಟು ಯಾಕೆ? ಮುಂದಿನ ವರ್ಷಕ್ಕೆ ಇಡೋಕೂ ಆಗಲ್ಲ. ಒಂದು ಗ್ರಾಂ ಪ್ಯಾಕೆಟ್ ಮಾಡಿದ್ರೆ ಐದು ಸ್ಟಾರ್ ಕೊಡ್ತಿದ್ದೆ, ಈಗ ನಾಲ್ಕು. ಮಿಕ್ಕಿದ್ದನ್ನ ಬೀದಿಲಿ ಏಳು ಮನೆಗೆ ಹಂಚಿದ್ವಿ, ಮೂರು ಮನೇಲಿ ಆಗ್ಲೇ ಕಿತ್ತಾಗಿದೆ.