ಎರರ್ ಹೋಯ್ತು, ಡೇಟಾಬೇಸೂ ಹೋಯ್ತು

ಡಾಕರ್ (ಸಾಫ್ಟ್‌ವೇರನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಕೆಲಸವನ್ನು ಎಐ ಕೋಡಿಂಗ್ ಅಸಿಸ್ಟೆಂಟ್‌ಗೆ ಬಿಟ್ಟುಕೊಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಕಂಟೇನರ್ ಒಳಗೆ ಡೇಟಾಬೇಸ್ ಇಟ್ಟುಕೊಂಡವರು. ನಮ್ಮ ತಂಡದಲ್ಲಿ ಒಂದೇ ಕಮಾಂಡ್‌ಗೆ ಟೆಸ್ಟಿಂಗ್ ಸರ್ವರ್‌ನ ಡೇಟಾಬೇಸ್ ಪೂರ್ತಿ ಅಳಿಸಿಹೋಯಿತು. ಅದನ್ನು ಓಡಿಸಿದ್ದು ಅಸಿಸ್ಟೆಂಟ್. ಓಡಿಸಿದ ಮೇಲೆ ಸಮಸ್ಯೆ ಬಗೆಹರಿದಿದೆ ಎಂದು ವರದಿಯನ್ನೂ ಕೊಟ್ಟಿತು.

ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್. ಪೋಸ್ಟ್‌ಗ್ರೆಸ್ ಡೇಟಾಬೇಸ್ ಡಾಕರ್ ಕಂಪೋಸ್‌ನಲ್ಲಿ (ಯಾವ ಕಂಟೇನರ್‌ಗಳು ಓಡಬೇಕು ಅಂತ ಒಂದು ಫೈಲ್‌ನಲ್ಲಿ ಬರೆದು ನಡೆಸುವ ಸಾಧನ) ಓಡುತ್ತದೆ. ಹಳೇ ಪಾಸ್‌ವರ್ಡ್ ಬದಲಿಸಬೇಕಿತ್ತು. ಪಾಸ್‌ವರ್ಡ್‌ನಂಥ ಸೆಟ್ಟಿಂಗ್‌ಗಳನ್ನು ಇಡುವ ಎನ್ವಿ ಫೈಲ್‌ಗೆ ಹೊಸದು ಬಂದ ಮೇಲೆ ಆ್ಯಪ್ ಡೇಟಾಬೇಸ್‌ಗೆ ಸೇರಲಿಲ್ಲ, ಪಾಸ್‌ವರ್ಡ್ ತಪ್ಪು ಎಂಬ ಎರರ್. ಡಾಕರ್ ಬಳಸುವ ಬಹಳ ಜನ ಇದನ್ನು ಕಂಡಿರುತ್ತೀರಿ. ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್ (ಕಂಟೇನರ್ ತಯಾರಾಗುವ ಅಚ್ಚು) ಆ ಪಾಸ್‌ವರ್ಡ್ ಓದುವುದು ಡೇಟಾ ಫೋಲ್ಡರ್ ಖಾಲಿ ಇದ್ದಾಗ ಮಾತ್ರ, ಅಂದರೆ ಡೇಟಾಬೇಸ್ ಮೊಟ್ಟಮೊದಲು ತಯಾರಾಗುವಾಗ. ಆಮೇಲೆ ಎನ್ವಿ ಫೈಲ್‌ನಲ್ಲಿ ಏನೇ ಬರೆದರೂ ಒಳಗೆ ಇರುವುದು ಹಳೇ ಪಾಸ್‌ವರ್ಡೇ. ಸರಿಪಡಿಸುವುದು ಸುಲಭ. ಕಂಟೇನರ್ ಒಳಗೆ ಹೋಗಿ ಆಲ್ಟರ್ ಯೂಸರ್ ಅಂತ ಒಂದು ಸಾಲು ಕೊಟ್ಟರೆ ಸಾಕು.

ಅಸಿಸ್ಟೆಂಟ್ ಹಿಡಿದದ್ದು ಬೇರೆ ದಾರಿ. ಡಾಕರ್ ಕಂಪೋಸ್ ಡೌನ್, ಜೊತೆಗೆ ಮೈನಸ್ ವಿ. ಬರೀ ಡೌನ್ ಅಂದರೆ ಕಂಟೇನರ್ ಮತ್ತು ನೆಟ್‌ವರ್ಕ್ ಹೋಗುತ್ತವೆ, ಡೇಟಾ ಉಳಿಯುತ್ತದೆ. ಮೈನಸ್ ವಿ ಸೇರಿತೋ, ಕಂಪೋಸ್ ಫೈಲ್‌ನಲ್ಲಿ ಹೆಸರಿಸಿದ ವಾಲ್ಯೂಮ್‌ಗಳೂ, ಅಂದರೆ ಡೇಟಾ ಇಟ್ಟ ಜಾಗಗಳೂ ಹೋಗುತ್ತವೆ. ಖಂಡಿತಾ ಅಳಿಸಲೇ ಅಂತ ಡಾಕರ್ ಕೇಳುವುದಿಲ್ಲ. ವಾಪಸ್ ತರುವ ಕಮಾಂಡೂ ಇಲ್ಲ.

ನಮ್ಮನ್ನು ಕೇಳದೆ ಹೇಗೆ ಓಡಿಸಿತು? ಪ್ರತಿ ಸಲ ಒಪ್ಪಿಗೆ ಒತ್ತುವ ಕಿರಿಕಿರಿ ಬೇಡ ಅಂತ, ‘ಡಾಕರ್ ಕಂಪೋಸ್’ ಎಂದು ಶುರುವಾಗುವ ಎಲ್ಲ ಕಮಾಂಡ್‌ಗಳಿಗೂ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಮೊದಲೇ ಅನುಮತಿ ಇತ್ತು. ಲಾಗ್ ನೋಡುವ ಕಮಾಂಡ್ ಶುರುವಾಗುವುದೂ ಹಾಗೇ, ಎಲ್ಲ ಅಳಿಸುವ ಕಮಾಂಡ್ ಶುರುವಾಗುವುದೂ ಹಾಗೇ. ನಿಮ್ಮ ಪ್ರಾಜೆಕ್ಟ್‌ನಲ್ಲೂ ಇಂಥ ಸಾಲು ಇದೆಯಾ ಅಂತ ಇವತ್ತೇ ನೋಡಿ. ಲಾಗ್ಸ್, ಪಿಎಸ್ ಥರದ ಬರೀ ನೋಡುವ ಕಮಾಂಡ್‌ಗಳಿಗೆ ಮಾತ್ರ ಒಂದೊಂದಾಗಿ ಅನುಮತಿ ಕೊಡಿ.

ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಅಳಿಸಿದ್ದಲ್ಲ, ಆಮೇಲೆ ಎಲ್ಲ ಸರಿಯಾಗಿರುವಂತೆ ಕಂಡದ್ದು. ವಾಲ್ಯೂಮ್ ಹೋಗಿದ್ದರಿಂದ ಡೇಟಾಬೇಸ್ ಹೊಸದಾಗಿ, ಹೊಸ ಪಾಸ್‌ವರ್ಡ್‌ನೊಂದಿಗೇ ತಯಾರಾಯಿತು. ಮೈಗ್ರೇಷನ್ (ಟೇಬಲ್ ರಚಿಸುವ ಸ್ಕ್ರಿಪ್ಟ್) ಓಡಿ ಖಾಲಿ ಟೇಬಲ್‌ಗಳು ಬಂದವು. ಎರರ್ ಮಾಯ, ಟೆಸ್ಟ್‌ಗಳೆಲ್ಲ ಪಾಸ್. ಅಸಿಸ್ಟೆಂಟ್ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಎರರ್ ಕಾಣದಿದ್ದರೆ ಅದಕ್ಕೆ ಗೆದ್ದಂತೆ. ಟೆಸ್ಟಿಂಗ್ ಮಾಡುವ ಸಹೋದ್ಯೋಗಿ ಬಂದು, “ನಾನು ಹಾಕಿದ ಬಿಲ್ ಒಂದೂ ಕಾಣ್ತಿಲ್ವಲ್ಲ?” ಅಂದಾಗಲೇ ಗೊತ್ತಾಗಿದ್ದು.

ಟೆಸ್ಟಿಂಗ್ ಡೇಟಾ ತಾನೇ ಅನ್ನಬೇಡಿ. ಅರ್ಧ ಸರಕು ವಾಪಸ್ ಬಂದ ಬಿಲ್‌ಗಳು, ಜಿಎಸ್‌ಟಿ ಪೈಸೆ ಲೆಕ್ಕ ತಾಳೆಯಾಗದ ಬಿಲ್‌ಗಳು, ಪ್ರಿಂಟ್ ಮಾಡಿದರೆ ಒತ್ತಕ್ಷರ ಒಡೆದು ಬರುವ ಕನ್ನಡ ಹೆಸರುಗಳು. ಗ್ರಾಹಕರಿಂದ ದೂರು ಬಂದಾಗಲೆಲ್ಲ ಆ ಸಹೋದ್ಯೋಗಿ ಒಂದೊಂದಾಗಿ ಸೇರಿಸಿಟ್ಟಿದ್ದರು. ಹಳೇ ಬ್ಯಾಕಪ್‌ನಿಂದ ಸ್ವಲ್ಪ ಸಿಕ್ಕಿತು. ಉಳಿದದ್ದನ್ನು ಅವರೇ ನೆನಪಿನಿಂದ ಮತ್ತೆ ಬರೆಯಬೇಕಾಯಿತು. ಅವರ ಶ್ರಮಕ್ಕೆ ಹೀಗಾಗಬಾರದಿತ್ತು.

ಈಗ ನಮ್ಮಲ್ಲಿ ಡೇಟಾ ವಾಲ್ಯೂಮನ್ನು ಕಂಪೋಸ್ ಹೊರಗೇ ತಯಾರಿಸಿ, ಫೈಲ್‌ನಲ್ಲಿ ‘ಎಕ್ಸ್‌ಟರ್ನಲ್: ಟ್ರೂ’ ಎಂದು ಬರೆದಿದ್ದೇವೆ. ಆಗ ಮೈನಸ್ ವಿ ಅದನ್ನು ಮುಟ್ಟುವುದಿಲ್ಲ. ಆದರೂ ಡಾಕರ್ ವಾಲ್ಯೂಮ್ ಆರ್‌ಎಂ ಅಂದರೆ ಅಳಿಸಿಯೇ ಹೋಗುತ್ತದೆ, ಅದಕ್ಕೇ ಪಿಜಿ ಡಂಪ್‌ನಿಂದ ಡೇಟಾಬೇಸ್‌ನ ಬ್ಯಾಕಪ್ ತೆಗೆದು ಬೇರೆ ಮೆಷಿನ್‌ಗೆ ಕಳಿಸುವ ಏರ್ಪಾಡೂ ಇದೆ. ಅಸಿಸ್ಟೆಂಟನ್ನು ಕಂಟೇನರ್ ಒಳಗೇ ಕೂರಿಸಿದ್ದೇವೆ, ಭಯವಿಲ್ಲ ಅನ್ನುವವರು ಡಾಕರ್ ಸಾಕೆಟನ್ನು (ಡಾಕರ್‌ಗೆ ಆದೇಶ ಕೊಡುವ ದಾರಿ) ಒಳಗೆ ಮೌಂಟ್ ಮಾಡಿದ್ದೀರಾ ನೋಡಿ. ಮಾಡಿದ್ದರೆ ಹೊರಗಿನ ಇಡೀ ಮೆಷಿನ್‌ನ ರೂಟ್ ಅಧಿಕಾರ ಕೊಟ್ಟಂತೆಯೇ.

ಅಸಿಸ್ಟೆಂಟ್‌ಗೆ ಎರರ್ ಕೊಡುವಾಗ ಸರಿಮಾಡು ಅನ್ನದೆ, ಕಾರಣ ಮಾತ್ರ ಹೇಳು, ಏನನ್ನೂ ಓಡಿಸಬೇಡ ಅಂತ ಶುರು ಮಾಡಿ. ಅದು ಬದಲಿಸಿದ ಫೈಲ್‌ಗಳನ್ನೂ ಸಾಲು ಸಾಲಾಗಿ ಓದಿ. ಇದೇ ಗಲಾಟೆಯಲ್ಲಿ ಅದು ಕಂಪೋಸ್ ಫೈಲ್‌ಗೆ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಸೇರಿಸಿತ್ತು. ಹಾಗೆ ಬರೆದರೆ ಡೇಟಾಬೇಸ್ ಮೆಷಿನ್‌ನ ಎಲ್ಲ ನೆಟ್‌ವರ್ಕ್‌ಗಳಿಗೂ ತೆರೆದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಡಾಕರ್ ತನ್ನದೇ ನಿಯಮ ಬರೆಯುವುದರಿಂದ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಕೂಡ ಅದನ್ನು ತಡೆಯುವುದಿಲ್ಲ. ಪೋರ್ಟ್ ಬೇಕೇ ಬೇಕು ಅಂದರೆ ಮುಂದೆ 127.0.0.1 (ಅದೇ ಮೆಷಿನ್‌ಗೆ ಮಾತ್ರ ಸಿಗುವ ವಿಳಾಸ) ಸೇರಿಸಿ, ಇಲ್ಲದಿದ್ದರೆ ಆ ಸಾಲನ್ನು ತೆಗೆದುಬಿಡಿ.